ನೀರಿನ ಸಾಲು

ಹೊಟ್ಟೆಯಲ್ಲಿ ಜೊತೆಗಿದ್ದದ್ದನ್ನು ಬಿಟ್ಟರೆ ಆ ಅವಳಿ ಹುಡುಗಿಯರು ಒಂದೇ ಸೂರಿನಡಿ ಇದ್ದದ್ದು ಕೆಲವೇ ತಿಂಗಳು. ಯಮನಮ್ಮನ ಎದೆಹಾಲು ಇಬ್ಬರಿಗೆ ಸಾಲುತ್ತಿರಲಿಲ್ಲ. ಗಂಡ ಓಬಳೇಶ ಸಂಡೂರಿನಾಚೆ ಯಶವಂತನಗರದ ಗಣಿಯಲ್ಲಿ ಕೂಲಿ, ಕಂಪನಿ ಕೊಟ್ಟ ಒಂದೂವರೆ ಖೋಲಿಯ ಕ್ವಾರ್ಟರ್ಸು, ಮನೆಯಲ್ಲಿ ಹಿರಿಯರು ಅನ್ನುವವರು ಯಾರೂ ಇಲ್ಲ. ಹಾಗಾಗಿ ಇಬ್ಬರಲ್ಲಿ ಬಡಕಲಾಗಿದ್ದ ಗಾಳೆಮ್ಮನನ್ನು ಕಂಪ್ಲಿಯ ತವರಿನವರು ಎತ್ತಿಕೊಂಡು ಹೋದರು. ಗಟ್ಟಿಮುಟ್ಟಾಗಿದ್ದ ವಿರುಪಮ್ಮ ತಾಯಿಯ ಹತ್ತಿರ ಉಳಿದಳು. ಗಟ್ಟಿ ಕೂಸು ನನಗೇ ದಕ್ಕಿತಲ್ಲ ಎಂದು ಯಮನಮ್ಮ ಒಳಗೊಳಗೇ ಹಿಗ್ಗಿದ್ದೂ ಉಂಟು. ಆ ಹಿಗ್ಗು ಯಾವ ದೇವರ ಕಣ್ಣಿಗೆ ಬಿತ್ತೋ!

ಮೂರು ವರ್ಷವಾದರೂ ಇಬ್ಬರೂ ಮಾತಾಡಲಿಲ್ಲ. ಕರೆದರೆ ತಿರುಗುವುದಿಲ್ಲ, ಮುಖ ಕೊಟ್ಟು ನೋಡುವುದಿಲ್ಲ, ಬೆರಳುಗಳನ್ನು ಕಣ್ಣ ಮುಂದೆ ಆಡಿಸುತ್ತ ಕೂತರೆ ಊಟದ ಹೊತ್ತೂ ಗೊತ್ತಾಗುವುದಿಲ್ಲ. ಅಲ್ಲೂ ಅದೇ, ಇಲ್ಲೂ ಅದೇ. ಇದಕ್ಕೊಂದು ಹೆಸರಿದೆ ಎಂದು ಆ ಕಾಲದಲ್ಲಿ ಆ ಸೀಮೆಯಲ್ಲಿ ಹೇಳುವವರಿರಲಿಲ್ಲ. ಡಾಕ್ಟರು ಟಾನಿಕ್ ಬರೆದುಕೊಟ್ಟರು, ಮುಗಿಯಿತು.

ಕ್ವಾರ್ಟರ್ಸಿನಲ್ಲಿ ವಿರುಪಮ್ಮನಿಗೆ ಮಾಡದ ಮದ್ದಿಲ್ಲ. ಗುಡಿಯ ಗಂಟೆ ತೊಳೆದ ನೀರು ಕುಡಿಸಿದರು. ಗಿಳಿ ಕಚ್ಚಿದ ಸೀಬೆಹಣ್ಣು ಹುಡುಕಿ ತಂದು ತಿನ್ನಿಸಿದರು. ಮರಿಯಮ್ಮನಹಳ್ಳಿ ಕಡೆಯ ಮುದುಕನೊಬ್ಬ ಹೊಟ್ಟೆಯ ಮೇಲೆ ಬರೆ ಎಳೆದ. ಬರೆ ಮಾಯಿತು, ಮಾತು ಬರಲಿಲ್ಲ. ಬಂದದ್ದು ಭಯ. ಮಧ್ಯಾಹ್ನ ಗುಡ್ಡದಲ್ಲಿ ಮದ್ದು ಸಿಡಿಸುವ ಮೊದಲು ಸೈರನ್ ಕೂಗುತ್ತಿತ್ತು. ಅದನ್ನು ಕೇಳಿದರೆ ಹುಡುಗಿ ಕಿವಿ ಮುಚ್ಚಿಕೊಂಡು ಸಿಕ್ಕ ಮನೆಗೆ ನುಗ್ಗುವಳು, ಹಿಡಿಯಲು ಬಂದವರನ್ನು ಕಚ್ಚುವಳು. ನೆರೆಯವರು ಬಾಗಿಲಿಗೆ ಬಂದು ಬಾಯಿ ಮಾಡಿದರು, ಅವರ ಮಕ್ಕಳು ಕಲ್ಲು ಬೀರಿದರು. ಒಂದು ದಿನದ ಮಟ್ಟಿಗೆ ಎಂದು ಓಬಳೇಶ ಅವಳನ್ನು ಹಗ್ಗದಿಂದ ಕಬ್ಬಿಣದ ಮಂಚದ ಕಾಲಿಗೆ ಕಟ್ಟಿದ. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ. ಹುಡುಗಿಗೆ ಆಗಲೇ ಹನ್ನೊಂದು ವರ್ಷ.

ಕಂಪ್ಲಿಯಲ್ಲಿ ಅಜ್ಜಿ ಪಕೀರಮ್ಮನೂ ಗಾಳೆಮ್ಮನಿಗೆ ಒಮ್ಮೆ ಗಂಟೆಯ ನೀರು ಕುಡಿಸಿ ನೋಡಿದ್ದಳು. ಆಮೇಲೆ ಆ ಗೊಡವೆಗೆ ಹೋಗಲಿಲ್ಲ. ಆಕೆಗೆ ಪುರುಸೊತ್ತಾದರೂ ಎಲ್ಲಿ? ಕಾಲುವೆ ಬಂದು ವರ್ಷಕ್ಕೆ ಎರಡು ಬೆಳೆ ಭತ್ತ ಆಗತೊಡಗಿದ ಮೇಲೆ ನಾಟಿ ಮಾಡುವ ಹೆಣ್ಣಾಳುಗಳಿಗೆ ಎಲ್ಲಿಲ್ಲದ ಬೇಡಿಕೆ. ಪಕೀರಮ್ಮ ಅಂಥದೊಂದು ಗುಂಪಿನ ಮುಂದಾಳು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರು ಕೋಳಿ ಕೂಗುವ ಮೊದಲೇ ಅವಳ ಮನೆ ಮುಂದೆ ನಿಂತಿರುತ್ತಿದ್ದರು. ಕೂಸನ್ನು ಬಿಡುವುದೆಲ್ಲಿ? ಬುಟ್ಟಿಯಲ್ಲಿ ಕೂರಿಸಿಕೊಂಡು ಗದ್ದೆಗೆ ಒಯ್ದಳು. ಬದುವಿನ ಮೇಲೇ ಅದು ಬೆಳೆಯಿತು. ಯಾಕೆ ಹೀಗಿದೆ ಎಂದು ಗುಂಪಿನವರು ಕೇಳಲಿಲ್ಲ. "ಅದು ಹಂಗ ಐತಿ" ಅಂದರು, ಸಸಿಗೆ ಕೈ ಹಾಕಿದರು.

ಆ ಗುಂಪಿನಲ್ಲಿ ನೀರು ಕುಡಿಯುವುದಕ್ಕೊಂದು ರೀತಿ ಇತ್ತು. ಬಾಯಾರಿದವರೆಲ್ಲ ಬದುವಿಗೆ ಬಂದರೆ ನಾಟಿಯ ಸಾಲು ಮುರಿಯುತ್ತದೆ. ಅದಕ್ಕೇ ನೀರಿನ ಕೊಡವೇ ಸಾಲಿನ ತುದಿಗೆ ಬರುತ್ತಿತ್ತು. ಮೊದಲನೆಯವಳು ತಂಬಿಗೆ ತುಂಬಿ, ತುಟಿಗೆ ತಾಗಿಸದೆ ಮೇಲಿನಿಂದ ಎರಡು ಗುಟುಕು ಹೊಯ್ದುಕೊಂಡು, ಪಕ್ಕದವಳ ಬಳೆಗೆ ತಂಬಿಗೆ ತಾಗಿಸಿ "ಮುಂದ" ಅನ್ನುವಳು. ಅವಳು ಕುಡಿದು ಇನ್ನೊಬ್ಬಳಿಗೆ "ಮುಂದ". ಹಾಗೆ ಕೊನೆಯವರೆಗೆ ಹೋಗಿ, ಕೊನೆಯವಳು ತಂಬಿಗೆಯನ್ನು ಬೋರಲು ಹಾಕಿದರೆ ನೀರಿನ ಸಾಲು ಮುಗಿಯಿತೆಂದು ಅರ್ಥ. ಎಲ್ಲರೂ ಮತ್ತೆ ಬಗ್ಗುವರು. ಆ ಕೊನೆಯಲ್ಲಿ ಗಾಳೆಮ್ಮ ಕೂತಿರುತ್ತಿದ್ದಳು. ಯಾರೋ ಒಬ್ಬಳು ತಮಾಷೆಗೆ ಅವಳ ಕೈಗೂ ತಂಬಿಗೆ ಕೊಟ್ಟಳು. ಮಾರನೆಯ ದಿನವೂ ಕೊಟ್ಟರು. ವರ್ಷಗಟ್ಟಲೆ, ದಿನಕ್ಕೆ ನಾಲ್ಕೈದು ಸಲ, ಅದೇ ತಂಬಿಗೆ, ಅದೇ ಮಾತು. ಒಂದು ದಿನ ಹುಡುಗಿ ತಂಬಿಗೆ ಬರುವುದನ್ನು ಕಾದಳು. ಇನ್ನೊಂದು ಹಂಗಾಮಿನಲ್ಲಿ ತಾನೇ "ಮುಂದ" ಎಂದಳು.

ಆ ವರ್ಷ ಪಂಚಮಿ ಹಬ್ಬಕ್ಕೆ ಯಮನಮ್ಮ ತವರಿಗೆ ಬಂದಾಗ ಕಂಡದ್ದು ಇದನ್ನೇ. ಬರದೆ ಬಹಳ ವರ್ಷವಾಗಿತ್ತು. ವಿರುಪಮ್ಮನನ್ನು ಬಸ್ಸಿಗೆ ಹತ್ತಿಸುವುದೆಂದರೆ ಯುದ್ಧ. ಈ ಸಲ ಗಂಡನೇ ರಜೆ ಹಾಕಿ ಮನೆಯಲ್ಲಿ ಕೂತಿದ್ದ. ಬದುವಿನ ಮೇಲೆ ನಿಂತಿದ್ದ ಯಮನಮ್ಮನ ಕಣ್ಣೆದುರು ಗಾಳೆಮ್ಮ ಕೊಡ ಹೊತ್ತು ತಂದಳು, ಸಾಲಿಗೆ ನೀರು ಹರಿಸಿದಳು. ಅಂದು ಬಾರದಿದ್ದ ಒಬ್ಬ ಹೆಂಗಸಿನ ಜಾಗದಲ್ಲಿ ತಾನೇ ಹೋಗಿ ನಿಂತು ತಂಬಿಗೆ ದಾಟಿಸಿದಳು. ಆಮೇಲೆ ನೇರ ಬದುವಿಗೆ ಬಂದು ತಾಯಿಯ ಬಳೆಗೂ ತಾಗಿಸಿದಳು.

"ಮುಂದ."

ಮುಖ ನೋಡಲಿಲ್ಲ, ಬಳೆ ನೋಡಿದಳು. ಆದರೇನು! ಯಮನಮ್ಮ ಗಟಗಟ ಕುಡಿದಳು. ಕುಡಿದವಳು ಹಬ್ಬ ಮುಗಿಸಿ ಕ್ವಾರ್ಟರ್ಸಿಗೆ ಮರಳಿ ಗಂಡನಿಗೆ ಹೇಳಿದಳು: "ನಮ್ಮವ್ವ ಒಂದನ್ನ ನೆಟ್ಟಗ ಮಾಡ್ಯಾಳ. ಅದನ್ನ ತರೋಣು. ಇದನ್ನ ಅಲ್ಲಿ ಬಿಡೋಣು."

ಮುಂದಿನ ಭಾನುವಾರ ಗಣಿಯ ಲಾರಿಯೊಂದರಲ್ಲಿ ವಿರುಪಮ್ಮನನ್ನು ಹತ್ತಿಸಿಕೊಂಡು ಗಂಡ ಹೆಂಡತಿ ಕಂಪ್ಲಿಗೆ ಬಂದರು. ಊಟಕ್ಕೆ ಕೂತಾಗ ಗಾಳೆಮ್ಮ ಅಪ್ಪನಿಗೂ ತಂಬಿಗೆ ಕೊಟ್ಟಳು. ಓಬಳೇಶ ತುತ್ತು ಕೈಯಲ್ಲಿ ಹಿಡಿದು ಹಾಗೇ ನೋಡಿದ.

"ಈಕಿ ನನ್ನ ಮಗಳೇನಲೇ?" ಅಂದ.

ಯಮನಮ್ಮ ವಿಷಯ ತೆಗೆದಳು. ಪಕೀರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಏನು, ಸೀರಿ ಬದಲಿ ಮಾಡಿದಂಗ ಮಾಡ್ತೀರೇನು?"

"ಆಕಿನ ನೆಟ್ಟಗ ಮಾಡೀದಿ. ಈಕಿನೂ ಮಾಡು. ನಿನ್ನ ಕೈಗುಣ ಚಲೋ ಐತಿ."

"ನಾನೇನು ಮಾಡೀನಿ? ನಾನು ನಾಟಿ ಮಾಡೀನಿ. ಆಕಿ ಮಗ್ಗಲಾಗ ಇದ್ಲು, ಅಷ್ಟ."

ಓಬಳೇಶ ನಡುವೆ ಬಾಯಿ ಹಾಕಿದ. "ಅತ್ತಿ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು ಅಂತಾರ. ವಿರುಪಿ ಇನ್ನೂ ಗಿಡ ಅದಾಳ. ನೀವು ಬಗ್ಗಸ್ರಿ."

"ಬಗ್ಗಸಾಕ ಯಾರು ಹೇಳ್ಯಾರಪ್ಪ? ನಿಲ್ಲಾಕ ಜಾಗ ಕೊಟ್ರ ಸಾಕು. ವಿರುಪಿನ ಬಿಟ್ಟು ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಗಾಳಿನ ಮುಟ್ಟಬ್ಯಾಡ್ರಿ. ಮಡಿಯಾಗಿನ ಸಸಿ ಕಿತ್ತು ನೆಡಬೌದು. ಬೇರು ಹಿಡದಿದ್ದನ್ನ ಕಿತ್ತು ಇನ್ನೊಂದು ಗದ್ದಿಗೆ ಹಚ್ಚಿದ್ರ ಏನಾಗ್ತೈತಿ, ನಿನ್ನ ಹೆಂಡ್ತಿನ ಕೇಳು. ಆಕಿನೂ ನಾಟಿ ಮಾಡಿದಾಕಿನ."

"ಮಕ್ಕಳು ಭತ್ತ ಅಲ್ಲಬೇ" ಎಂದಳು ಯಮನಮ್ಮ.

ಒಲೆಯ ಹತ್ತಿರದಿಂದ ಅಣ್ಣನ ಹೆಂಡತಿ ಹೊನ್ನೂರಮ್ಮ ಸಿಡಿದಳು. "ಕೆಲಸಕ್ಕ ಬರೋದನ್ನ ಒಯ್ದು ಕಚ್ಚೋದನ್ನ ಬಿಟ್ಟು ಹೋಗ್ತೀರಿ! ಭಾಳ ಶಾಣ್ಯಾರು ಅದೀರಿ. ನಾವೇನು ದೊಡ್ಡಿ ಇಟ್ಟೀವೇನು?"

"ನಿನ್ನ ಮಕ್ಕಳು ನಿನ್ನ ಅವ್ವಾ ಅಂತಾವ ಹೊನ್ನೂರವ್ವ." ಯಮನಮ್ಮನ ದನಿ ಏರಿತು. "ಎರಡು ಹಡದು ಹನ್ನೊಂದು ವರ್ಷ ಆತು. ಒಂದು ಸಲ ಅವ್ವಾ ಅನ್ನಿಸ್ಕೊಂಡಿಲ್ಲ ನಾನು. ನನಗ ಒಂದಾದ್ರೂ ಮಗಳು ಬ್ಯಾಡೇನು? ಕಟ್ಟಿ ಹಾಕೋದೊಂದ ನನ್ನ ಹಣೆಬರಾನೇನು?"

ಅಣ್ಣ ಹಂಪಯ್ಯ ಕೈ ತೊಳೆದುಕೊಂಡ. ಕಾಲುವೆಯ ಕೃಪೆಯಿಂದ ಆತ ಈಗಷ್ಟೇ ಪವರ್ ಟಿಲ್ಲರ್ ತಂದು, ಊರಲ್ಲಿ ನಾಲ್ಕು ಜನ ಮಾತು ಕೇಳುವವನಾಗಿದ್ದ. "ಹೆತ್ತೋರು ಕೇಳಿದ್ರ ಇಲ್ಲ ಅನ್ನಾಕ ನಾವ್ಯಾರಬೇ" ಎಂದು ತೀರ್ಪು ಕೊಟ್ಟ. ಪಕೀರಮ್ಮ ಕೈಯ ಹಿಟ್ಟು ಕೊಡವಿಕೊಂಡು ಎದ್ದಳು. ರೊಟ್ಟಿ ಹಂಚಿನ ಮೇಲೆ ಕರಿಯಾಗಿಹೋಯಿತು.

ಗಾಳೆಮ್ಮ ಲಾರಿ ಹತ್ತುವಾಗ ಅಳಲಿಲ್ಲ. ತನ್ನ ತಂಬಿಗೆ ಹಿಡಿದುಕೊಂಡು ಹತ್ತಿದಳು, ಅಷ್ಟೇ. ಹೋಗುತ್ತಿರುವುದು ಯಾವುದೋ ದೂರದ ಗದ್ದೆಗೆ ಎಂದುಕೊಂಡಿದ್ದಳೋ ಏನೋ, ಪಾಪ.

ಕ್ವಾರ್ಟರ್ಸಿನ ಮೊದಲ ವಾರ ಹಬ್ಬವೇ ಹಬ್ಬ. ಗಾಳೆಮ್ಮ ಅಂಗಳ ಗುಡಿಸಿದಳು, ಪಾತ್ರೆ ತಿಕ್ಕಿದಳು, ಅಪ್ಪ ಶಿಫ್ಟು ಮುಗಿಸಿ ಬಂದರೆ ತಂಬಿಗೆ ಒಡ್ಡಿದಳು. ಓಬಳೇಶ ಸಂಡೂರಿನಿಂದ ಜಿಲೇಬಿ ತಂದ. ಪಕ್ಕದ ಮನೆಯ ತಾಯಕ್ಕ ಬಾಗಿಲಲ್ಲಿ ನಿಂತು ಗಲ್ಲಕ್ಕೆ ಬೆರಳಿಟ್ಟಳು.

"ಯವ್ವಾ, ಅದೇ ಮುಖ, ಬ್ಯಾರೆ ಹುಡುಗಿ! ಇದು ಮನುಷ್ಯಾರಂಗ ಐತಲ್ಲ!"

"ನನ್ನ ಮಗಳು" ಎಂದಳು ಯಮನಮ್ಮ. ಆ ಮಾತನ್ನು ಕಾಲೋನಿಯಲ್ಲಿ ತಲೆಯೆತ್ತಿ ಹೇಳಿದ್ದು ಅದೇ ಮೊದಲು.

ಆದರೆ ಮಧ್ಯಾಹ್ನಗಳು ಬಂದವು. ಸೈರನ್ ಕೂಗಿತು, ಗುಡ್ಡ ನಡುಗಿತು, ಮಾಡಿನ ಶೀಟು ಗಡಗಡ ಅಂದಿತು. ಗಾಳೆಮ್ಮ ಹಿಟ್ಟಿನ ಕೈಯಲ್ಲೇ ಮಂಚದ ಕೆಳಗೆ ಸೇರಿದಳು. ಸಂಜೆಯವರೆಗೆ ಹೊರಗೆ ಬರಲಿಲ್ಲ. ಬೆಳಿಗ್ಗೆ ತಾಯಿಯ ಜೊತೆ ಬೀದಿ ನಲ್ಲಿಗೆ ಹೋದಳು. ಅಲ್ಲಿ ಹೆಂಗಸರ ಸಾಲು ಕಂಡು, ಕಂಪ್ಲಿಯ ರೂಢಿಯಂತೆ, ಕೊನೆಯಲ್ಲಿ ಹೋಗಿ ನಿಂತು ತಂಬಿಗೆ ಬರಲಿ ಎಂದು ಕಾದಳು. ಹೆಂಗಸರು ಕೊಡ ತುಂಬಿಕೊಂಡರು, ಒಬ್ಬರ ಕೂದಲು ಒಬ್ಬರು ಹಿಡಿಯುವಷ್ಟು ಜಗಳವಾಡಿದರು, ಹೋದರು. ನಲ್ಲಿ ನಿಂತಿತು. ಹುಡುಗಿ ಬರಿಯ ಕೆಂಪು ದೂಳಿನಲ್ಲಿ ಇನ್ನೂ ನಿಂತೇ ಇದ್ದಳು.

"ಮುಂದ" ಎಂದಳು. ಎದುರಿಗೆ ಯಾರೂ ಇರಲಿಲ್ಲ.

ಹೀಗೇ ದಿನಗಳು ಹೋದವು. ಗಾಳೆಮ್ಮ ಮೊದಲು ಅಂಗಳ ಗುಡಿಸುವುದನ್ನು ಬಿಟ್ಟಳು, ಆಮೇಲೆ ತಂಬಿಗೆ ಒಡ್ಡುವುದನ್ನು. ರೊಟ್ಟಿ ಮುಂದಿಟ್ಟರೆ ಚೂರು ಮಾಡಿ ಸಾಲಾಗಿ ಜೋಡಿಸುವಳು, ತಿನ್ನಳು. ಯಮನಮ್ಮ ಬೈದು ನೋಡಿದಳು, ಮುದ್ದು ಮಾಡಿ ನೋಡಿದಳು, ಬಾಯಿ ಬಿಡಿಸಿ ತುರುಕಿಯೂ ನೋಡಿದಳು. ಮಹಾನವಮಿಯ ಹೊತ್ತಿಗೆ ಹುಡುಗಿ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳಲು ಶುರುಮಾಡಿದಳು. ಸೈರನ್ ಆದರೆ ಹಣೆಯನ್ನು ಗೋಡೆಗೆ ಜಪ್ಪುವಳು.

"ಅಲ್ಲಲೇ, ಈಕಿಗೂ ಅದೇ ರೋಗ ಹತ್ತೇತಿ!" ಓಬಳೇಶನಿಗೆ ನಿಜವಾಗಿ ಹೆದರಿಕೆಯಾಗಿತ್ತು. "ಈ ಮನಿಯಾಗ ಏನೋ ಐತಿ. ಗ್ವಾಡಿಗೆ ಅಂಟಿರಬೇಕು."

"ಗ್ವಾಡಿಗೆ ಏನು ಅಂಟೇತಿ? ಬಂದ ದಿನ ಹೆಂಗಿದ್ಲು, ನೀನ ನೋಡೀದಿ."

"ಮತ್ತ್ಯಾಕ ಹಿಂಗಾದ್ಲು?"

ಯಮನಮ್ಮನಿಗೆ ಉತ್ತರ ಗೊತ್ತಿತ್ತು. ಅವ್ವ ಹಂಚಿನ ಮುಂದೆ ಕೂತು ಹೇಳಿದ್ದೇ ಉತ್ತರ. ಬೇರು ಹಿಡಿದದ್ದನ್ನು ಕಿತ್ತು ತಂದವಳು ತಾನೇ.

ಮರುದಿನ ಗಾಳೆಮ್ಮನ ಹಣೆ ಒಡೆದು ರಕ್ತ ಬಂತು. ಓಬಳೇಶ ಮೊಳೆಗೆ ನೇತುಹಾಕಿದ್ದ ಹಗ್ಗವನ್ನು ಕೆಳಗಿಳಿಸಿದ.

"ಒಂದು ದಿನದ ಮಟ್ಟಿಗೆ" ಎಂದ.

ಯಮನಮ್ಮ ಹಗ್ಗ ಕಿತ್ತುಕೊಂಡು ಹೊರಗೆಸೆದಳು. ಗಂಡ ಕೈಯೆತ್ತಿದ, ಹೊಡೆಯಲಿಲ್ಲ. ಹೊಡೆಯುವುದಕ್ಕೂ ಅವನಲ್ಲಿ ಉಮೇದು ಉಳಿದಿರಲಿಲ್ಲ. ಬೆಳಗಾಗುತ್ತಲೇ ಆಕೆ ಮಗಳ ಹಣೆಗೆ ಬಟ್ಟೆ ಕಟ್ಟಿ ಕಂಪನಿ ಬಸ್ಸು ಹತ್ತಿಸಿದಳು. ಸಂಡೂರು, ಹೊಸಪೇಟೆ, ಅಲ್ಲಿಂದ ಕಂಪ್ಲಿ. ದಾರಿಯುದ್ದಕ್ಕೂ ಆಕೆಯ ಮನಸ್ಸಿನಲ್ಲಿದ್ದದ್ದು ಒಂದೇ: ಗಾಳಿಯನ್ನು ಅವ್ವನ ಮಡಿಲಿಗೆ ಹಾಕಿ ತಪ್ಪಾಯಿತು ಅನ್ನಬೇಕು.

ಅವ್ವ ಗದ್ದೆಯಲ್ಲಿದ್ದಳು. ತಡವಾಗಿ ನಾಟಿಯಾದ ಕ್ಯಾಂಪಿನ ಗದ್ದೆಯೊಂದರಲ್ಲಿ ಗುಂಪಿನವರು ಕಳೆ ಕೀಳುತ್ತಿದ್ದರು. ಯಮನಮ್ಮ ಬದುವಿನ ಮೇಲೆ ನಡೆದು ಬಂದವಳು ಥಟ್ಟನೆ ನಿಂತಳು. ಬುತ್ತಿ ಬುಟ್ಟಿಗಳ ನಡುವೆ ವಿರುಪಮ್ಮ ಕೂತಿದ್ದಳು. ಕಾಲಿಗೆ ಹಗ್ಗವಿರಲಿಲ್ಲ. ಹಗ್ಗದ ಗಾಯ ಒಣಗಿ ಬಿಳಿಯ ಕಲೆಯಾಗಿತ್ತು.

"ಕಟ್ಟಿಲ್ಲೇನಬೇ?"

"ಯಾಕ ಕಟ್ಟಲಿ?" ಪಕೀರಮ್ಮ ಸೊಂಟ ಹಿಡಿದುಕೊಂಡು ಎದ್ದಳು. "ಮೊದ್ಲು ಭಾಳ ಆಟ ಆಡಿದ್ಲು. ನಿನ್ನ ಅತ್ತಿಗಿ ಕೈ ಕಚ್ಚಿದ್ಲು, ಅನ್ನದ ಗಡಿಗಿ ಒಡದ್ಲು. ಎರಡು ಸಲ ಕಾಲುವಿ ಕಡಿ ಓಡಿದ್ಲು. ಈಗ ಒಂದೀಟು ಕುಂದ್ರತಾಳ. ತಡಿ, ನೋಡು."

ನೀರಿನ ಹೊತ್ತಾಗಿತ್ತು. ತಂಬಿಗೆ ಒಬ್ಬರ ಬಳೆಯಿಂದ ಒಬ್ಬರ ಬಳೆಗೆ ತಾಗುತ್ತ ಬಂತು. "ಮುಂದ." "ಮುಂದ." ಕೊನೆಯವಳು ಅದನ್ನು ವಿರುಪಮ್ಮನ ಕಡೆ ಚಾಚಿದಳು. ಹುಡುಗಿ ತಲೆ ಬೇರೆ ಕಡೆ ತಿರುಗಿಸಿಕೊಂಡೇ ಕೈ ಮುಂದೆ ಮಾಡಿ ತಂಬಿಗೆ ಹಿಡಿದಳು. ಅರ್ಧ ಕುಡಿದು ಅರ್ಧ ಚೆಲ್ಲಿಕೊಂಡಳು. ಬೋರಲು ಹಾಕಿದಳು.

ಯಮನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸಂತೋಷಕ್ಕೇ ಅತ್ತಳು. ಹೆತ್ತ ಮೇಲೆ ಅಷ್ಟು ಸಂತೋಷ ಆಕೆಗೆ ಎಂದೂ ಆಗಿರಲಿಲ್ಲ.

ಆಗ ಹೆಂಗಸರು ಗಾಳೆಮ್ಮನನ್ನು ನೋಡಿದರು. "ಲೇ ಗಾಳೀ, ಬಾರಲೇ! ಎಷ್ಟು ದಿನ ಆತು! ಕೊಡ ತಾ!" ಎಂದು ಕೂಗಿದರು. ಗಾಳೆಮ್ಮ ಕಿವಿ ಮುಚ್ಚಿಕೊಂಡು ಬದುವಿನ ಮೇಲೆ ಕುಕ್ಕರಿಸಿದಳು. ಪಕೀರಮ್ಮ ತನ್ನ ಪಕ್ಕದಲ್ಲಿ ಜಾಗ ಬಿಟ್ಟು ತಂಬಿಗೆ ಹಿಡಿದು ಕಾದಳು. ಬರಲಿಲ್ಲ. ಎಲ್ಲರೂ ಮತ್ತೆ ಕಳೆಗೆ ಬಗ್ಗಿದರು. ಸ್ವಲ್ಪ ಹೊತ್ತಿಗೆ ನೋಡಿದರೆ ಹುಡುಗಿ ಬದುವಿನಲ್ಲಿರಲಿಲ್ಲ. ಕಾಲುವೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯುತ್ತಿದ್ದಳು. ಆ ದಂಡೆಯಲ್ಲೇ ಟಿಲ್ಲರ್ ತೊಳೆಯುತ್ತಿದ್ದ ಹಂಪಯ್ಯ ಧುಮುಕಿ ಜುಟ್ಟು ಹಿಡಿದೆಳೆದ.

ಸಂಜೆ ಊಟಕ್ಕೆ ಕೂತವರಲ್ಲಿ ಉಂಡವರು ಕಡಿಮೆ.

"ಎರಡೂ ಇಲ್ಲೇ ಇರ್ಲಿ" ಎಂದಳು ಪಕೀರಮ್ಮ. "ನೀನೂ ಇರು."

ಹೊನ್ನೂರಮ್ಮ ಮುಂಗೈ ಚಾಚಿ ತೋರಿಸಿದಳು. ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ. "ನಾನು ಕೆಟ್ಟಾಕಿ ಅಲ್ಲಬೇ ಅತ್ತಿ. ಒಂದನ್ನ ಹನ್ನೊಂದು ವರ್ಷ ಸಾಕೀನಿ. ಇದೊಂದನ್ನೂ ತಡಕೊಂಡೀನಿ. ಎರಡು ಕೂಡಿ ಆಗಂಗಿಲ್ಲ. ನನ್ನವೂ ಮೂರು ಅದಾವ."

"ನಾ ಗದ್ದಿಗೆ ಕರಕೊಂಡು ಹೋಗ್ತೀನಿ, ನಿನಗೇನು ತ್ರಾಸು?"

"ಅವ್ವ, ಇವತ್ತು ನಾನು ದಂಡಿಮ್ಯಾಲ ಇದ್ದೆ" ಎಂದ ಹಂಪಯ್ಯ. "ದಿನಾ ಇರತೀನೇನು? ನಿನ್ನ ಕಣ್ಣು ಮೊದಲಿನಂಗ ಇಲ್ಲ. ಬಗ್ಗಿ ಕೆಲಸ ಮಾಡಿಕೋತ ಒಂದನ್ನ ಕಾಯ್ತೀದಿ. ಎರಡಾದ್ರ ಒಂದು ಕಾಲುವಿಗೇ."

ಪಕೀರಮ್ಮ ತಾಟನ್ನು ದೂರ ಸರಿಸಿದಳು. ಆಕೆ ಇಲ್ಲ ಅನ್ನಲಿಲ್ಲ ಎಂಬುದನ್ನು ಎಲ್ಲರೂ ಗಮನಿಸಿದರು.

"ನೀನಾದ್ರೂ ಇರಬೇ" ಎಂದು ಮಗಳಿಗೆ ಹೇಳಿದಳು. "ಒಂದನ್ನ ನೀ ಕಾಯಿ, ಒಂದನ್ನ ನಾ ಕಾಯ್ತೀನಿ."

"ನಾ ಇಲ್ಲಿ ಕುಂತ್ರ ಆತ ವರ್ಷ ತುಂಬೋದ್ರಾಗ ಇನ್ನೊಬ್ಬಾಕಿನ ಕಟ್ಕೊಂತಾನ."

"ಕಟ್ಕೊಳ್ಳಲಿ, ಹಾಳಾಗಿ ಹೋಗ್ಲಿ!"

"ಆಮ್ಯಾಲ ಈ ಮನಿಯಾಗ ನಾನು ಎಷ್ಟು ದಿನ? ನೀ ಇರೋತನ. ಆಮ್ಯಾಲ?"

ಯಮನಮ್ಮ ಅಣ್ಣನ ಮುಖ ನೋಡಿದಳು. ಹಂಪಯ್ಯ ನೀರು ಕುಡಿದ. ಅತ್ತಿಗೆಯ ಮುಖ ನೋಡಿದಳು. ಹೊನ್ನೂರಮ್ಮ ಪಾತ್ರೆ ಜೋಡಿಸುತ್ತಿದ್ದಳು. ಒಬ್ಬರಾದರೂ "ಇರು ತಂಗಿ" ಅಂದಿದ್ದರೆ ಆಕೆ ಇದ್ದುಬಿಡುತ್ತಿದ್ದಳು. ಗಂಡನೂ ಬೇಡ, ಕ್ವಾರ್ಟರ್ಸೂ ಬೇಡ. ಯಾರೂ ಅನ್ನಲಿಲ್ಲ.

"ಯಾವುದನ್ನ ಬಿಡ್ತೀ?" ಎಂದು ಕೇಳಿದ್ದು ಹಂಪಯ್ಯ.

ಇಬ್ಬರು ಹುಡುಗಿಯರು ಒಂದೇ ಗೋಡೆಗೆ ಒರಗಿ, ನಡುವೆ ಮೊಳದಷ್ಟು ಜಾಗ ಬಿಟ್ಟು, ತಂತಮ್ಮ ಬೆರಳು ಆಡಿಸುತ್ತ ಕೂತಿದ್ದರು. ಒಬ್ಬಳ ಹಣೆಯಲ್ಲಿ ಹೊಸ ಗಾಯ, ಇನ್ನೊಬ್ಬಳ ಕಾಲಿನಲ್ಲಿ ಹಳೆಯ ಕಲೆ. ಅದಿಲ್ಲದಿದ್ದರೆ ಆ ಸಂಜೆ ಯಾರು ಯಾರೆಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ.

"ಗಾಳಿ ಇರ್ಲಿ" ಎಂದಳು ಯಮನಮ್ಮ. "ಆಕಿದು ಈ ಮನಿ. ನಾ ಕಿತ್ತೀನಿ, ನಾನ ತಂದು ಹಚ್ಚೀನಿ. ವಿರುಪಿನ ಒಯ್ತೀನಿ."

"ಅದು ಈಗ ಕಣ್ಣು ಬಿಡಾಕ ಹತ್ತೇತೆ ಯಮನೀ..." ಪಕೀರಮ್ಮ ವಿರುಪಮ್ಮನ ಕಡೆ ಕೈ ತೋರಿಸಿದಳು. "ಈಗ ಹತ್ತೇತಿ."

ಬೆಳಿಗ್ಗೆ ಮುದುಕಿ ಮೊಮ್ಮಗಳ ತಲೆ ಬಾಚಿ, ಹಿತ್ತಾಳೆ ತಂಬಿಗೆಯೊಂದನ್ನು ಕೈಗೆ ಕೊಟ್ಟಳು. ಹೊನ್ನೂರಮ್ಮ ದಾರಿಗೆಂದು ರೊಟ್ಟಿ ಕಟ್ಟಿದಳು. ಮುಖ ನೋಡಲಾರದೆ ಹಿತ್ತಲಿಗೆ ಹೋದಳು.

ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ ಯಮನಮ್ಮ ಸ್ಟ್ಯಾಂಡಿನ ನಲ್ಲಿಯಲ್ಲಿ ತಂಬಿಗೆ ತುಂಬಿಕೊಂಡಳು. ಸಂಡೂರಿನ ದಾರಿ ಹಿಡಿದ ಮೇಲೆ ಅದಿರಿನ ಲಾರಿಗಳು ಎದುರಾದವು, ಕಿಟಕಿಯಿಂದ ದೂಳು ಒಳಗೆ ನುಗ್ಗಿತು. ವಿರುಪಮ್ಮ ಕಿವಿ ಮುಚ್ಚಿಕೊಂಡಿದ್ದಳು, ಕಿರುಚಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಾಯಿಯ ಮಡಿಲಿನಿಂದ ತಂಬಿಗೆ ತೆಗೆದುಕೊಂಡಳು. ಮೇಲೆತ್ತಿ ಎರಡು ಗುಟುಕು ಹೊಯ್ದುಕೊಂಡಳು, ಕುಪ್ಪಸವೆಲ್ಲ ತೊಯ್ಯಿತು. ಆಮೇಲೆ ತಂಬಿಗೆಯನ್ನು ತಾಯಿಯ ಬಳೆಗೆ ತಾಗಿಸಿದಳು.

"ಮುಂದ."

ದನಿ ಒಡಕಾಗಿತ್ತು, ಮುದುಕಿಯ ದನಿಯ ಹಾಗೆ. ಹನ್ನೊಂದು ವರ್ಷ ಮಾತಿಗೆ ಬಳಸದೆ ಇಟ್ಟ ದನಿ ಇನ್ನು ಹೇಗಿದ್ದೀತು? ಯಮನಮ್ಮ ಇಸಿದುಕೊಂಡು ಕುಡಿದಳು. ಹುಡುಗಿ ತಂಬಿಗೆಯನ್ನೇ ನೋಡುತ್ತಿದ್ದಳು. ಅದು ಅಲ್ಲಿಗೆ ನಿಲ್ಲಬಾರದಲ್ಲ, ಮುಂದೆ ಹೋಗಬೇಕಲ್ಲ. ಯಮನಮ್ಮ ಮುಂದಿನ ಸ್ತ್ರೀಯರ ಸೀಟಿನ ಮುದುಕಿಯ ಭುಜ ಮುಟ್ಟಿದಳು.

"ಯವ್ವಾ, ಒಂದು ಗುಟುಕು ಕುಡೀರಿ. ನನ್ನ ಮಗಳು ಕೊಡಾಕ ಹತ್ಯಾಳ."

"ಕೊಡವ್ವಾ, ಪುಣ್ಯ ಬರ್ಲಿ. ಬಿಸಿಲು ಭಾಳ ಐತಿ" ಎಂದು ಮುದುಕಿ ಕುಡಿದಳು.

ಇಳಿದುಬಿಡಲೇ, ಇಲ್ಲಿಂದಲೇ ತಿರುಗಿ ಹೋಗಲೇ ಎಂದು ಯಮನಮ್ಮನಿಗೆ ಅನ್ನಿಸಿತು. ತಿರುಗಿ ಹೋಗುವುದು ಎಲ್ಲಿಗೆ? ಬಸ್ಸು ಗುಡ್ಡ ಹತ್ತಿತು. ಆಕೆ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು: ಗಂಡ ಒಬ್ಬ, ನಾನೊಬ್ಬಳು, ತಾಯಕ್ಕ ಒಬ್ಬಳು. ಮೂವರಾದರೂ ಸಾಲೇ.

ಮಾರನೆಯ ಬೆಳಿಗ್ಗೆ ಹಗ್ಗ ಇನ್ನೂ ಅಂಗಳದ ಮೂಲೆಯಲ್ಲೇ ಬಿದ್ದಿತ್ತು. ಯಮನಮ್ಮ ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ನಲ್ಲಿಗೆ ಹೋದಳು. ಹೆಂಗಸರು ಹಿಂದೆ ಸರಿದರು. "ಹಳೇದನ್ನ ತಿರುಗಿ ತಂದಾಳ ನೋಡ್ರಿ" ಎಂದು ಯಾರೋ ಅಂದರು. ತನ್ನ ಸರದಿ ಬಂದಾಗ ಕೊಡ ಹಿಡಿಯಲು ಯಮನಮ್ಮ ಮಗಳ ಕೈ ಬಿಟ್ಟಳು. ಬಿಟ್ಟದ್ದು ಕೊಡ ತುಂಬುವಷ್ಟೇ ಹೊತ್ತು.

ವಿರುಪಮ್ಮ ಹೆಂಗಸರ ಸಾಲು ನೋಡಿದಳು. ತುಂಬಿದ ಕೊಡವೊಂದು ಪಕ್ಕದಲ್ಲೇ ಇತ್ತು. ಕೈಯಲ್ಲಿದ್ದ ತಂಬಿಗೆಯನ್ನು ಅದರಲ್ಲಿ ಅದ್ದಿ, ಎರಡು ಗುಟುಕು ಕುಡಿದು, ಹತ್ತಿರದವಳ ಬಳೆಗೆ ತಾಗಿಸಿದಳು. ಕೊಡ ತಾಯಕ್ಕನದು. ಬಳೆಯೂ ತಾಯಕ್ಕನದೇ.

"ಅಯ್ಯಯ್ಯೋ, ಎಂಜಲು! ಹೊತ್ತು ಹುಟ್ಟೋ ಮೊದ್ಲು ಬಂದು ಹಿಡದ ನೀರು ಎಂಜಲು ಮಾಡ್ತಲ್ಲ ಹುಚ್ಚು ಮುಂಡೇದು!" ತಾಯಕ್ಕ ಕೆನ್ನೆಗೆ ಬಾರಿಸಿದಳು.

"ಎಂಜಲಲ್ಲ ತಾಯಕ್ಕ, ಎತ್ತಿ ಕುಡದಾಳ! ನಿನಗ ಕೊಡಾಕ ಬಂದಾಳ, ತಗೋ, ಒಂದು ಗುಟುಕು ತಗೋ!" ಯಮನಮ್ಮ ಕೊಡ ಬಿಟ್ಟು ಓಡಿಬಂದಳು.

ಯಾರು ಕೇಳುತ್ತಾರೆ? ತಾಯಕ್ಕ ಕೊಡದ ನೀರನ್ನೆಲ್ಲ ಹುಡುಗಿಯ ಕಾಲಿನ ಮೇಲೆ ಸುರಿದಳು. ಹುಡುಗಿ ಮತ್ತೊಮ್ಮೆ ತಂಬಿಗೆ ಚಾಚಿದಳು. ತಾಯಕ್ಕ ಅದನ್ನು ತಳ್ಳಿದಳು. ಆಗ ವಿರುಪಮ್ಮ ಕಚ್ಚಿದಳು.

ಸಂಜೆ ಕಾಲೋನಿಯ ಮೇಸ್ತ್ರಿ ಬಾಗಿಲಿಗೆ ಬಂದು, ಇನ್ನೊಂದು ಕಂಪ್ಲೇಂಟ್ ಬಂದರೆ ಕ್ವಾರ್ಟರ್ಸ್ ಖಾಲಿ ಮಾಡಬೇಕು ಎಂದು ಹೇಳಿಹೋದ. ಓಬಳೇಶ ಅಂಗಳದ ಮೂಲೆಯಿಂದ ಹಗ್ಗ ತಂದು ಹೆಂಡತಿಯ ಮುಂದೆ ಇಟ್ಟ.

"ಈ ಸಲ ನೀ ಕಟ್ಟು" ಎಂದ. "ನಾ ಕಟ್ಟಿದ್ರ ನಾನ ಕೆಟ್ಟಾವ ಆಗ್ತೀನಿ."

ಯಮನಮ್ಮ ಕಟ್ಟಿದಳು. ಹಳೆಯ ಕಲೆಯ ಮೇಲೆ ಬರದಂತೆ ಒಂದಿಷ್ಟು ಮೇಲಕ್ಕೆ ಕಟ್ಟಿದಳು.

ಕಂಪ್ಲಿಯಿಂದ ಅಣ್ಣ ದೀಪಾವಳಿಗೆ ಬಂದವನು ಸುದ್ದಿ ಹೇಳಿದ. ಗಾಳಿ ಗದ್ದೆಗೆ ಹೋಗುತ್ತಾಳಂತೆ, ಕೊಡವನ್ನೂ ಹೊರುತ್ತಾಳಂತೆ. ಮಾತು ಮಾತ್ರ ಹೋಯಿತು; ತಂಬಿಗೆ ದಾಟಿಸುವಾಗ ಬಾಯಿ ತೆರೆಯುವುದಿಲ್ಲ. "ಅವ್ವ ಆಕಿ ಪರವಾಗಿ ತಾನ ಮುಂದ ಅಂತಾಳ" ಎಂದ ಹಂಪಯ್ಯ. ಮಂಚದ ಕಡೆ ನೋಡಿದವನು, ಚಹಾ ಪೂರ್ತಿ ಕುಡಿಯದೆ ಎದ್ದ.

ಯಮನಮ್ಮ ಮಾತ್ರ ಬಿಡಲಿಲ್ಲ. ದಿನಾ ಮಧ್ಯಾಹ್ನ ಸೈರನ್ ಆಗಿ, ಗುಡ್ಡ ಸಿಡಿದು, ಹುಡುಗಿಯ ನಡುಕ ನಿಂತ ಮೇಲೆ ತಂಬಿಗೆ ತುಂಬಿಕೊಂಡು ಮಂಚದ ಹತ್ತಿರ ಕೂರುವಳು. ತಾನು ಎರಡು ಗುಟುಕು ಕುಡಿದು ಮಗಳ ಕೈಗೆ ತಾಗಿಸಿ "ಮುಂದ" ಅನ್ನುವಳು. ಮೊದಮೊದಲು ಕೈ ಮುಂದೆ ಬರುತ್ತಿತ್ತು. ಹುಡುಗಿ ಕುಡಿದು, ತಂಬಿಗೆ ಹಿಡಿದು ಬಾಗಿಲ ಕಡೆ ನೋಡುತ್ತಿದ್ದಳು, ಮುಂದಿನವರು ಯಾರು ಎನ್ನುವ ಹಾಗೆ. ಬಾಗಿಲು ಹಾಕಿರುತ್ತಿತ್ತು. ಬರಬರುತ್ತ ಕೈ ಮುಂದೆ ಬರುವುದು ಕಡಿಮೆಯಾಯಿತು.

ಸುಗ್ಗಿಯ ಕಾಲದ ಒಂದು ಮಧ್ಯಾಹ್ನ ಯಮನಮ್ಮ ಎಂದಿನಂತೆ ತಂಬಿಗೆ ತುಂಬಿ ತಂದು "ಮುಂದ" ಎಂದಳು. ವಿರುಪಮ್ಮ ಅದನ್ನು ತೆಗೆದುಕೊಂಡಳು. ಬಹಳ ದಿನದ ಮೇಲೆ ತೆಗೆದುಕೊಂಡಳಲ್ಲ ಎಂದು ತಾಯಿಯ ಮುಖ ಅರಳಿತು. ಹುಡುಗಿ ಕುಡಿಯಲಿಲ್ಲ. ಕಂಪ್ಲಿಯ ಬದುವಿನ ಮೇಲೆ ಕಲಿತದ್ದನ್ನು ಚೂರೂ ಮರೆಯದೆ, ತುಂಬಿದ ತಂಬಿಗೆಯನ್ನು ಸಾಲಿನ ಕೊನೆಯವಳ ಹಾಗೆ ನೆಲದ ಮೇಲೆ ಮೆಲ್ಲಗೆ ಬೋರಲು ಹಾಕಿ, ಗೋಡೆಯ ಕಡೆ ತಿರುಗಿ ಕೂತಳು. ನೀರು ಮಂಚದ ಕೆಳಗೆ ಹರಿಯಿತು. ಯಮನಮ್ಮ ಬಟ್ಟೆ ತಂದು ಒರೆಸಿದಳು.